ಭರಮಪ್ಪನ್ನ ಕರಿಯೋದು

ಮೊದಲ ಸಲ ಬಂದಾಗ ಅವಗ
ಮೈ ಅನ್ನೋದು ಬರೇ ಮೂವತ್ತು ಚೌಕ.
ಎಂಟು ಕೆಂಪು, ಉಳಿದದ್ದು ಕರಿ,
ರೆಕ್ಕಿ ಯಾವುದು ಅನ್ನೋದು ನಾವಽ ತಿಳಕೋಬೇಕು.

ಗದಗ ರೋಡಿನ್ಯಾಗ, ರೈಲ್ವೆ ವರ್ಕ್‌ಶಾಪಿನ ಗ್ವಾಡಿ ಎದುರಿಗೆ
ದಸ್ತಗೀರನ ಅಂಗಡಿ. ಎರಡು ಟೀವಿ, ನಾಕು ಸ್ಟೂಲು,
ಹತ್ತು ಮಿನಿಟಿಗೆ ಎರಡು ರೂಪಾಯಿ.
ಮಿರ್ಚಿ ತಿಂದ ಕೈ ಹೊರಗ ಒರಸಿ ಬರ್ರಿ
ಅಂತ ಬಾಗಲಕ್ಕ ಸುಣ್ಣದಾಗ ಬರದಿದ್ದ.

ಆಟ ಜಪಾನಿಂದು. ಅಕ್ಷರ ಅಂದ್ರ
ಯಾರೋ ಮೊಳಿ, ಸ್ಪ್ಯಾನರ್ ನೆಲಕ್ಕ ಚೆಲ್ಲಿದಂಗ.
ಕಡೀ ಸಾಲಿನ ಕಡೀ ಹೆಸರು ಒತ್ತಿದ್ರ
ಟೀವಿ ಒಂದು ಗಳಿಗಿ ಕಪ್ಪಾಗಿ
ಮುಗಲು ಹರಕೊಂಡು ಇಳಿತಿದ್ದ ಅಂವ.
ಹೆಸರು ಓದಾಕ ಬರದಿದ್ರ ಇಟ್ಟರ ಇಡಬೇಕಲ್ಲ,
ಶೇಖಪ್ಪ ಅಂದ: "ಭರಮಪ್ಪ."
ಬಾಯ್ಲರ್ ಶಾಪಿನ ಫೋರ್ಮನ್ ಭರಮಪ್ಪ
ಒಮ್ಮಿ ಕೆಮ್ಮಿದ್ರ ಹನ್ನೆರಡು ಮಂದಿ ಸುತ್ತಿಗಿ ಕೆಳಗಿಡತಿದ್ರಂತ.
ಶೇಖಪ್ಪನ ಅಪ್ಪ ಆ ಹನ್ನೆರಡರಾಗ ಒಬ್ಬ.

ಕರಿಯೋದು ಹಗರ ಇರಲಿಲ್ಲ.
ನೀಲಿ ಪಟ್ಟಿ ಪೂರಾ ತುಂಬಬೇಕು, ಅದು ತುಂಬಾಕ
ಅರ್ಧ ತಾಸು ಕಪ್ಪಿ, ಬಾವಲಿ ಹೊಡಕೋತ ತಿರಗಬೇಕು.
ಅಂವ ಬಂದಕೂಡಲೆ ನಮ್ಮವರು ಕಾಣಿಸೂದಿಲ್ಲ.
ಬಿಲ್ಲಿನಾಕಿ, ಬಿಳೀ ಗಡ್ಡದಾಂವ, ಬರ್ಚಿ ಹಿಡದಾಂವ,
ಎಲ್ಲಾರೂ ಪರದೆ ಮ್ಯಾಲಿಂದ ಮಾಯ.
ಬೈಲಿನ್ಯಾಗ ವೈರಿ, ಅಂವ,
ಮತ್ತ ಬಟನ್ ಮ್ಯಾಲಿನ ನನ್ನ ಹೆಬ್ಬಟ್ಟು.
"ಎಲ್ಲಿ ಹೋಗತಾರ ಇವರು?" ಅಂತ ರೂಫಿನಾ ಕೇಳಿದ್ರ
"ಪಾಳಿ ಬದಲಿ," ಅಂದ ದಸ್ತಗೀರ.

ಒಂದಿನ ಸಂಜಿ ಭೋಂಗಾ ಆಗಿತ್ತು.
ನಾನು ಕಡೀ ವೈರಿ ಮುಂದ, ಜೀವ ದಾರದಷ್ಟು.
ನಾಕೂ ಮಂದಿ ಕೂಡಿ ಒದರಿದ್ವಿ:
"ಬಾರಲೇ ಭರಮಪ್ಪಾ! ಸುಡಲೇ ಅವನ!"

ಬಾಗಲದಾಗಿನ ಬೆಳಕು ಹೋತು.
"ಯಾಂವಲೇ ನನ್ನ ಕರದಾಂವ?"

ಖಾಕಿ ಅಂಗಿ, ಊಟದ ಡಬ್ಬಿ,
ಬಲಗಾಲಿಗೆ ಸೈಕಲ್ ಕ್ಲಿಪ್ಪು.
ಶೇಖಪ್ಪ ಮಾಯ. ದಾವಲ ಟೀವಿ ಹಿಂದ.
ರೂಫಿನಾ ಎಲ್ಲಿ ಹೋದ್ಲು ನನಗ ಇವತ್ತಿಗೂ ಗೊತ್ತಿಲ್ಲ.
ಬೈಲಿನ್ಯಾಗ ಅಂವ, ನಾನು.

ನಾ ಬೆರಳು ಮಾಡಿ ಟೀವಿ ತೋರಿಸಿದೆ.
ಅಷ್ಟರಾಗ ಅಲ್ಲಿಯವನೂ ಇಳದು ನಿಂತಿದ್ದ.
ಇಬ್ಬರೂ ಒಬ್ಬರನೊಬ್ಬರು ನೋಡಿದ್ರು.
ಬೆಂಕಿ ಉಗುಳಿ ಮುಗಿಯೂತನಕ ಫೋರ್ಮನ್ ಮಾತಾಡಲಿಲ್ಲ.
ಆಮ್ಯಾಲೆ ಕೇಳಿದ:
"ಇದಕ್ಕ ನೀರು ಎಲ್ಲಿ ತುಂಬತಾರ?"

ಉಗಿ ಇಂಜಿನ್ ನಿಂತು ಭಾಳ ವರ್ಷ ಆಗಿತ್ತು.
ಬಾಯ್ಲರ್ ಶಾಪಿನ್ಯಾಗ ಬಾಯ್ಲರ್ ಇರಲಿಲ್ಲ,
ಬೋರ್ಡು ಅಷ್ಟಽ ಇತ್ತು.
ಎರಡು ರೂಪಾಯಿ ಇಟ್ಟ. "ಇನ್ನೊಮ್ಮೆ ಕರಿಯವಾ."
"ಪಟ್ಟಿ ಖಾಲಿ ಆಗೇತ್ರಿ. ಅರ್ಧ ತಾಸು ಬೇಕು."
ಕುಂತ. ಡಬ್ಬಿ ತೊಡಿ ಮ್ಯಾಲಿಟ್ಟಕೊಂಡು ಕುಂತ.
ನಾ ಕಪ್ಪಿ ಹೊಡದೆ, ಬಾವಲಿ ಹೊಡದೆ.
ಇನ್ನೂ ನಾಕು ರೂಪಾಯಿ ಕೊಟ್ಟ, ಕೇಳದಽ.

ಎರಡನೇ ಭಾಗದಾಗ ಅವಗ ಎಲುಬು ಬಂತು,
ನಾಕನೇದರಾಗ ನೆರಳು.
ಒಂಬತ್ತರಾಗ ಉಪ್ಪಿನ ಗುಡ್ಡದ ಕೆಳಗ ಸೆರಿಯಾಗಿದ್ದ,
ಬಿಡಿಸಿದ್ರ ತಿರುಗಿ ನೋಡಲಿಲ್ಲ.
ಪ್ರತಿ ಭಾಗಕ್ಕೂ ಬ್ಯಾರೆ ನಾಡು, ಬ್ಯಾರೆ ಯುದ್ಧ,
ಹಿಂದಿಂದು ಯಾರಿಗೂ ನೆನಪಿಲ್ಲ, ಅವಗೂ ಇಲ್ಲ.
ಪ್ರತಿ ಸಲಾನೂ ಮೊದಲ ಹೊಡದಾಡಿ ಗೆದ್ದರಽ
ಕರದಾಗ ಬರತಾನ.
ನಾ ಹಳೇ ಗುರತಿನಾಕಿ ಅಂತ ಸೀದಾ ಹೋಗಿ
ಪ್ರತಿ ಸಲ ಸುಟ್ಟುಹೋಗತೀನಿ.

ಈಗ ಹದಿನಾಕನೇದು.
ಹುರುಪಿ ಒಂದೊಂದೂ ಎಣಿಸಬಹುದು,
ಹುರುಪಿ ನಡುವಿನ ಮಸಿ ಸೈತ.
ಖರೇ ಹೆಸರು ದೊಡ್ಡ ಅಕ್ಷರದಾಗ ಬರತೈತಿ,
ಯಾರೋ ಗಡಸು ದನಿಯಾಗ ಓದಿ ಹೇಳತಾರ.
ಆ ಹೆಸರಿಲೆ ನಾ ಒಮ್ಮಿಯೂ ಕರದಿಲ್ಲ.

ಕೇಶ್ವಾಪುರದ ಮನ್ಯಾಗ ರಾತ್ರಿ ಹತ್ತೂವರಿ.
ಪಟ್ಟಿ ಇನ್ನಾ ಅರ್ಧಾ ತುಂಬೇತಿ,
ಕಪ್ಪಿ ಹೊಡಕೋತ ಕುಂತೀನಿ.
ಬಾಗಲಾ ತೆರದಽ ಐತಿ.
ಸೊಳ್ಳಿ ಬರತಾವು ಅಂತ ಒಳಗಿಂದ ಬೈಯಾಕತ್ಯಾರ.