ಏವ್‌ಬರಿಯಲ್ಲಿ ಹೆಪ್ಪು

ಚಳಿಗಾಲದ ಮೋಟು ಹಗಲು. ನಿಂತ ಕಲ್ಲುಗಳಿಗೆ
ಕುರಿಗಳು ಬೆನ್ನು ಉಜ್ಜುತ್ತಿವೆ.
ಹೆಡ್ಲಿ ಪಿಯರ್ಸ್, ನಲವತ್ತು ವರ್ಷ ನಲ್ಲಿ ರಿಪೇರಿ,
ಈಗ ಡ್ರೂಯಿಡ್, ಬಿಳಿ ನಿಲುವಂಗಿಯ ಕೆಳಗೆ ಗಂಬೂಟು,
ಫ್ಲಾಸ್ಕಿನ ಮುಚ್ಚಳ ತಿರುಚುತ್ತ ಹೇಳಿದ:

"ಕೆಲವರಿಗಿದು ಜೇನುಮದ್ಯ. ಎರಡು ಸಾವಿರ ವರ್ಷ
ನೆಲದಡಿ ಹೂತಿಟ್ಟ ಗಡಿಗೆಯದಂತೆ.
ಸುಳ್ಳು. ಗಡಿಗೆ ಒಡೆದು, ಮಣ್ಣು ಕುಡಿದು ಎಷ್ಟು ಕಾಲವಾಯ್ತು!
ನಮ್ಮ ಥೆಲ್ಮಾಗೆ ಇನ್‌ಸ್ಟಂಟ್ ಕಾಫಿ:
ಶನಿವಾರದ ಶಿಬಿರ, ಪುಡಿ, ಬಿಸಿನೀರು, ಕದಡು.
ನನಗೋ..."
ಮೊದಲ ಗುಟುಕನ್ನು ಬೀಚ್ ಮರದ ಬೇರಿಗೆ ಸುರಿದ.
"ಚಹಾ. ನಿನ್ನೆಯ ಸೂಪಿನ ವಾಸನೆಯಿದೆ, ಕ್ಷಮಿಸು."

ತೀರ್ಥ ಶೀತ, ಮಂಗಳಾರತಿ ಉಷ್ಣ
ಎನ್ನುವವರ ಪೈಕಿ ನಾನು.
ಆದರೂ ಕುಡಿದೆ.

ಹೆಪ್ಪಿಗೆಂದು ಓಣಿಯೆಲ್ಲ ಅಲೆದು ಬರಿಗೈಲಿ ಬಂದ ರಾತ್ರಿ
ಅಜ್ಜಿ ಉಗುರುಬೆಚ್ಚಗಿನ ಹಾಲಿಗೆ
ಮೆಣಸಿನಕಾಯಿಯ ಎರಡು ತೊಟ್ಟು ಹಾಕಿ ಮುಚ್ಚಿಟ್ಟಿದ್ದಳು.
ಬೆಳಿಗ್ಗೆ ಮೊಸರು.
ತೆಳ್ಳಗೆ, ತುಸು ಲೋಳೆ. ಮರುದಿನದ್ದು ಗಟ್ಟಿ.
ಮಜ್ಜಿಗೆ ಕುಡಿದವರು ಯಾರೂ
ಅದರ ಗೋತ್ರ ಕೇಳಲಿಲ್ಲ.

ಇದನ್ನು ಹೆಡ್ಲಿಗೆ ಹೇಳಿದೆ.
ಬಹಳ ಹೊತ್ತು ಕುರಿಗಳನ್ನೇ ನೋಡಿದ.
ಆಮೇಲೆ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು,
"ಮೆಣಸಿನಕಾಯಿ ಯಾವುದು," ಎಂದ,
"ಹಸಿರೋ, ಕೆಂಪೋ?"