ಎಮಿಲಿಯಾ ಮಿಸ್ಸಿನ ಹೀಬ್ರೂ ಕ್ಲಾಸು

ಅರಸೀಕೆರೆ ಸ್ಟೇಷನ್ನಿನ ಹಿಂದುಗಡೆ
ಕೊಬ್ಬರಿ ಮಂಡಿಯ ಮಹಡಿ ಮೇಲೆ
ಬುಧವಾರ, ಶನಿವಾರ, ಸಂಜೆ ಆರಕ್ಕೆ
ಐದು ಜನ ಹೆಂಗಸರು, ಒಂದು ಬೋರ್ಡು,
ಎಮಿಲಿಯಾ ಮಿಸ್ಸು.

ಹದಿಮೂರು ವರ್ಷ ಹೈಫಾದಲ್ಲಿ ಒಬ್ಬ ಮುದುಕಿಯನ್ನು
ಎತ್ತಿ ಕೂರಿಸಿ, ಮೀಯಿಸಿ, ಮಲಗಿಸಿ
ಕಲಿತ ಭಾಷೆ ಅವರದು.
ವ್ಯಾಕರಣ ಎಂಬ ಮಾತೇ ಬಾಯಲ್ಲಿ ಬರುವುದಿಲ್ಲ.
"ಹಿಂಗಂತಾರೆ" ಅನ್ನುತ್ತಾರೆ, ಅಷ್ಟೆ.
ಯಾಕೆ ಎಂದು ಕೇಳಿದರೆ
"ಬೇರೆ ಥರ ಅಂದ್ರೆ ನೀರು ಸಿಗಲ್ಲ."

ಬರೆಯುವುದು ಬಲದಿಂದ ಎಡಕ್ಕೆ.
ಉರ್ದು ಓದಿದ ಮುಬೀನಾಗೆ ಅದೇನೂ ಹೊಸದಲ್ಲ.
ನನಗೆ ಮೊದಲ ವಾರವೆಲ್ಲ
ಹಿತ್ತಿಲ ಬಾಗಿಲಿಂದ ಯಾರದೋ ಮನೆ ಹೊಕ್ಕ ಹಾಗೆ.
ಆಮೇಲೆ ಅಂದುಕೊಂಡೆ:
ಜಂಕ್ಷನ್ನಿನಲ್ಲಿ ಹುಟ್ಟಿದವಳು ನಾನು,
ಯಾವ ಕಡೆ ಹೊರಟರೂ ಗಾಡಿ ಗಾಡಿಯೇ.

ಝೆ ಬಾಯಿತ್. ಇದು ಮನೆ.
ನಡುವೆ ಇನ್ನೇನೂ ಬೇಡ.
ಕಾನ್ವೆಂಟಿನ ಪ್ರಮೀಳಾ 'ಈಸ್' ಎಲ್ಲಿ ಎಂದು
ಚಪ್ಪಲಿ ಕಳೆದುಕೊಂಡವಳ ಹಾಗೆ ಹುಡುಕಿದಳು.
ಏಳನೇ ಕ್ಲಾಸಿಗೆ ಬಿಟ್ಟ ನಾನು ಹುಡುಕಲಿಲ್ಲ.
ಇದು ಮನೆ. ಅದು ಕೆರೆ. ನಾನು ನಾಗವೇಣಿ.

ಕರ್ ಲೀ: ನನಗೆ ಚಳಿ.
ಯೇಶ್ ಲೀ: ನನಗೆ ಉಂಟು.
'ಹೊಂದಿದ್ದೇನೆ' ಎಂಬ ದೊಡ್ಡಸ್ತಿಕೆ ಅಲ್ಲೂ ಇಲ್ಲ.
ಮಗಳು, ಹೊಲಿಗೆ ಮಿಷನ್ನು, ಸೊಂಟ ನೋವು,
ಏಜೆಂಟು ಕೊಟ್ಟ ಫಾರಮ್ಮು
ಎಲ್ಲ ತಾವೇ ಬಂದು ಪಕ್ಕದಲ್ಲಿ ಕೂರುತ್ತವೆ.

ಇಲ್ಲ ಅನ್ನುವುದಕ್ಕೆ 'ಏನ್'.
ಏನ್ ಲೀ ಅಂದಾಗ ಐದೂ ಜನ ನಕ್ಕೆವು,
ಯಾರೋ ಬಾಗಿಲು ಬಡಿದು 'ಏನ್ರೀ' ಅಂದ ಹಾಗಿತ್ತು.
'ಲೋ' ಅಂದರೂ ಇಲ್ಲ, ಅಲ್ಲ ಅಂತಂತೆ;
ಇಲ್ಲಿ ಲೋ ಅಂದು ನೋಡಿ,
ಪ್ಲಾಟ್‌ಫಾರ್ಮಿನ ಅರ್ಧ ಹುಡುಗರು ತಿರುಗುತ್ತಾರೆ.
ಹೂ ಅಂದರೆ ಅವನು. ಹೀ ಅಂದರೆ ಅವಳು.
ಪ್ರಮೀಳಾ ಪುಸ್ತಕ ಮುಚ್ಚಿ ನೀರು ಕುಡಿದಳು.

ನಾನು ಎಡವಿದ್ದು ಲೋಟಕ್ಕೆ.
ಲೋಟ ಹೆಣ್ಣು, ಮೇಜು ಗಂಡು.
ನಮ್ಮಲ್ಲಿ ಎರಡೂ ತೆಪ್ಪಗೆ 'ಅದು'.
ಅಲ್ಲಿ ನೀರು ಬೇಕು ಅನ್ನುವುದಕ್ಕೂ ಮೊದಲು
ನಾನು ಹೆಂಗಸು ಎಂದು ಒಪ್ಪಿಸಬೇಕು:
ಅನೀ ರೊತ್ಸಾ ಮಾಯಿಮ್.
ಬಾಯಾರಿಕೆಗೂ ಸೀರೆ ಉಡಿಸಿದ ಹಾಗೆ.

ಇನ್ನೊಂದು ಚೂರು ಪದ, 'ಎತ್'.
ಅರ್ಥ ಮಿಸ್ಸಿಗೂ ಗೊತ್ತಿಲ್ಲ.
"ಯಾವುದೋ ಕಿಟಕಿ ಆದ್ರೆ ಬೇಡ,
ಆ ಕಿಟಕಿನೇ ಆದ್ರೆ ಬೇಕು."
ತಿಸ್ಗೆರಿ ಎತ್ ಹಖಲೋನ್.
ಅದು ನಮ್ಮ 'ಅನ್ನು' ಕಣ್ರೀ ಮಿಸ್, ಅಂದೆ;
ಹುಡುಗಿ ನೋಡೋಕೆ ಹೋಗೋದು ಬೇರೆ,
ಹುಡುಗಿಯನ್ನು ನೋಡೋಕೆ ಹೋಗೋದು ಬೇರೆ.
ಮಿಸ್ಸು ಸೀಮೆಸುಣ್ಣ ಕೆಳಗಿಟ್ಟು ನೋಡಿದರು
ನನ್ನನ್ನು. 'ಅನ್ನು' ಸಮೇತ.

ಮೊನ್ನೆ ಶನಿವಾರ, ಆಗಿಹೋದದ್ದರ ಪಾಠ.
ಹೀ ತೊವಾ. ಅವಳು ಒಳ್ಳೆಯವಳು.
ಇರುವವರು ಸುಮ್ಮನೆ ಇರುತ್ತಾರೆ, ಊರುಗೋಲು ಬೇಡ.
ಇಲ್ಲದವರಿಗೆ ಮಾತ್ರ ನಡುವೆ ಒಂದು ಪದ:
ಹೀ ಹಾಯ್ತಾ ತೊವಾ.
ಒಳ್ಳೆಯವಳಾಗಿದ್ದಳು.

ಉದಾಹರಣೆಗೆ ಆ ಮುದುಕಿಯೇ ಬಂದಳು.
ಜೆಹಾವಾ. ನಮ್ಮ ಕಡೆ ಆದರೆ ಚಿನ್ನಮ್ಮ.
ಸೂಪಿಗೆ ಉಪ್ಪು ಸಾಲದು ಎಂದು
ಇಡೀ ವಾಕ್ಯದಲ್ಲಿ, ಎತ್ ಕೂಡ ಬಿಡದೆ ಬೈಯುತ್ತಿದ್ದವಳು
ಕೊನೆಕೊನೆಗೆ ಯೇಶ್, ಏನ್,
ಎರಡರಲ್ಲೇ ದಿನ ಕಳೆದಳಂತೆ.
ಮಿಸ್ಸು ಹೆಸರು ಬರೆದರು,
ಅದರ ಎಡಕ್ಕೆ 'ಹಾಯ್ತಾ' ಬರೆದರು,
ಮುಂದಿನ ಪದಕ್ಕೆ ಕೈ ಹೋಗಲಿಲ್ಲ.

ಅಷ್ಟರಲ್ಲಿ ಮಂಡಿಯ ಹುಡುಗ
ಬೀಗದ ಕೈ ಆಡಿಸುತ್ತ ಬಾಗಿಲಲ್ಲಿ ನಿಂತು
"ಆಯ್ತಾ ಮಿಸ್?"

ಕೆಳಗೆ ತಕ್ಕಡಿಯಿಂದ ಚೀಲ ಇಳಿಸಿದ ಸದ್ದು.
"ಲೋ" ಅಂದರು ಮಿಸ್ಸು,
ಅವನನ್ನು ಕರೆದರೋ, ಇಲ್ಲ ಅಂದರೋ.
ಅವನು ಒಳಬಂದು
ಕಿಟಕಿ ಹಾಕತೊಡಗಿದ.