ಮುಹೂರ್ತವಿಲ್ಲದ ದಿನ

ಈ ವಾರ ಮುಹೂರ್ತವಿಲ್ಲವೆಂದು ಪಂಚಾಂಗವೇ ರಜೆ ಕೊಟ್ಟಿತು.
ಯಾರ ಮದುವೆಯೂ ಇಲ್ಲ, ಸದ್ಯ ಯಾರೂ ಸತ್ತಿಲ್ಲ;
ಹಾಲೇಶಿಯ ಗೂಡ್ಸ್ ಆಟೋದಲ್ಲಿ ಡೊಳ್ಳುಹೊಟ್ಟೆಯ ಡ್ರಮ್ಮು,
ಅದರ ಮೇಲೆ ಮಂಡಕ್ಕಿ ಚೀಲ, ಚೀಲಕ್ಕೊರಗಿ ನಾವು,
ದಾವಣಗೆರೆ ದಾಟಿ ಕೊಂಡಜ್ಜಿ ಕೆರೆಗೆ.

ಜರಿಯ ಕೋಟು ಮನೆಯ ಗೂಟದಲ್ಲೇ ಉಳಿಯಿತು.
ಬನಿಯನ್ನಿನ ತಿಪ್ಪೋಜಿಯನ್ನು ಇಪ್ಪತ್ತು ವರ್ಷಕ್ಕೆ
ಇವತ್ತೇ ನೋಡಿದ್ದು:
ಬಿಚ್ಚಿದ ಹಾರ್ಮೋನಿಯಂ ಅಂಥ ಪಕ್ಕೆಲುಬು.
ಟ್ರಂಪೆಟ್ಟಿಗೆ ಅಷ್ಟು ಗಾಳಿ ಎಲ್ಲಿಂದ ತರುತ್ತಿದ್ದ ಮಾರಾಯ?

ಗುಡ್ಡದ ಬೆನ್ನಿಗೆ ಮುತ್ತುಗ,
ಎಲೆಯೊಂದೂ ಇಲ್ಲ, ಬರೀ ಹೂ, ಸಾಲ ಮಾಡಿ ಉಟ್ಟಂತೆ.
ಹೊಂಗೆಯ ಚಿಗುರು ಎಣ್ಣೆ ಹಚ್ಚಿದ ಕೂಸಿನ ಕಿವಿ.
ಬಿಸಿಲಿದೆ; ಇನ್ನೂ ಬಯ್ಯಲು ಕಲಿತಿಲ್ಲ.

ಖಾಸಿಂಪೀರ ಮೂರು ಕಲ್ಲು ಹೂಡಿ ಬಾಣಲಿ ಇಟ್ಟ.
ಮೆಣಸಿನಕಾಯಿ ಎಣ್ಣೆಗೆ ಬಿದ್ದಾಗಿನ ಚೊಂಯ್
ಯಾವ ಶ್ರುತಿ ಎಂದು ದೊಡ್ಡ ಜಗಳ.
"ಕಪ್ಪು ಎರಡು" ಅಂದೆ.
"ಕಪ್ಪಾಗೋದ್ರೊಳಗೆ ತೆಗಿಯಪಾ" ಅಂದ ಗೋಣೆಪ್ಪ.

ಪೇಪರಿನ ಮೇಲೆ ಒಗ್ಗರಣೆ ಮಂಡಕ್ಕಿಯ ಗುಡ್ಡ, ಹೆಚ್ಚಿದ ಈರುಳ್ಳಿ,
ಅಳುತ್ತಲೇ ಇನ್ನೊಂದಕ್ಕೆ ಕೈಹಾಕುವಂಥ ಮಿರ್ಚಿ.
ಮದುವೆಮನೆಯಲ್ಲಿ ನಮ್ಮದು ಯಾವತ್ತೂ ಕೊನೆಯ ಪಂಕ್ತಿ,
ಸಾರು ಆರಿರುತ್ತದೆ, ಹೋಳಿಗೆ ಮುಗಿದಿರುತ್ತದೆ,
ಪೆಂಡಾಲು ಬಿಚ್ಚುವವರು ನಮ್ಮ ಎಲೆಯನ್ನೇ ನೋಡುತ್ತಿರುತ್ತಾರೆ.
ಇಲ್ಲಿ ಬೀಗರೂ ನಾವೇ, ಬಡಿಸುವವರೂ ನಾವೇ.
ಸಾಕು ಅಂದದ್ದು ಯಾರಿಗೂ ಕೇಳಿಸಲಿಲ್ಲ.

ಆಮೇಲೆ ಕೈ ತೊಳೆದು ವಾದ್ಯ ಹಿಡಿದು ಕೂತೆವು.
ಕೂತೇ ಇದ್ದೆವು.
ಇದನ್ನು ನುಡಿಸಿ, ಅದನ್ನು ನುಡಿಸಿ, ಇನ್ನೂ ಜೋರಾಗಿ
ಎನ್ನಲು ಒಬ್ಬನೂ ಇಲ್ಲ;
ಏನು ನುಡಿಸುವುದೆಂದು ಐದು ಜನಕ್ಕೂ ತಿಳಿಯದು.

ಕೊನೆಗೆ ತಿಪ್ಪೋಜಿ ಒಂದೇ ಸ್ವರ ಊದಿದ.
ಪಕ್ಕೆಲುಬೆಲ್ಲ ಒಳಹೋಗುವ ತನಕ ಬಿಡಲಿಲ್ಲ.
ನೀರಿನ ಮೇಲೆ ಹೋಯಿತು, ಗುಡ್ಡಕ್ಕೆ ತಾಗಿತು,
ಖಾಸಿಂನ ಹಾಗೇ ಅರ್ಧ ಮಾತ್ರೆ ತಡವಾಗಿ ತಿರುಗಿ ಬಂತು.
ನಾನು ಕ್ಲಾರಿನೆಟ್ ತುಟಿಗಿಟ್ಟು
ಆ ಗುಡ್ಡದ ಜೊತೆ ಮಾತಿಗೆ ಕೂತೆ.
ಯಾವಾಗ ಸಂಜೆಯಾಯಿತೋ,
ಹಾಲೇಶಿ ಹೆಡ್‌ಲೈಟ್ ಹಾಕಿದಾಗಲೇ ಗೊತ್ತಾದದ್ದು.

ಹದಿನೈದು ದಿನದ ಮೇಲೆ, ಪಿ.ಜೆ. ಬಡಾವಣೆಯ ಮೆರವಣಿಗೆ;
ಕುದುರೆಯ ಮುಂದೆ, ಕೋಟು ತೊಟ್ಟು, ಬೆವರಿ.
ಮೊದಲ ಏಟಿಗೇ ಡ್ರಮ್ಮಿನ ಹಗ್ಗದ ಸಂದಿಯಿಂದ
ಒಂದು ಮಂಡಕ್ಕಿ ಹಾರಿ ವರನ ಪೇಟದ ಮೇಲೆ ಕೂತಿತು.
ಖಾಸಿಂ ನನ್ನ ಕಡೆ ನೋಡಲಿಲ್ಲ,
ನಗಲೂ ಇಲ್ಲ.
ತಾಳ ಮಾತ್ರ ತಪ್ಪಿಸಿದ.